ಸೊಂಟ ಹಿಡಿದ ವೇಗಿ ಮಲಗಬೇಕೆ, ಓಡಾಡಬೇಕೆ?

ವೇಗದ ಬೌಲರ್ ಹುಡುಗ ಸೊಂಟ ಹಿಡಿದಿದೆ ಎಂದರೆ ಮನೆಯಲ್ಲಿ ಎಣ್ಣೆ ಕಾಯುತ್ತದೆ, ಹಾಸಿಗೆ ಬಿಚ್ಚಿಕೊಳ್ಳುತ್ತದೆ. ಫಿಸಿಯೋ ಬಳಿ ಹೋದರೆ ಎದ್ದು ಓಡಾಡು ಎನ್ನುತ್ತಾರೆ.

ಮಲಗಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಚೆಂಡು ಎಸೆಯುವ ಗಳಿಗೆಯಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಮುಂಗಾಲಿಗೆ ಬೀಳುವ ಪೆಟ್ಟು ಮೈತೂಕದ ಹಲವು ಪಟ್ಟು. ಸೆಟೆದುಕೊಂಡ ಸ್ನಾಯುವಿಗೆ ಬಿಸಿ ಶಾಖವೂ ಮಾಲೀಸೂ ಹಿತವೇ. ಆದರೆ ಎಷ್ಟು ದಿನ ಮಲಗುವುದು? 1986ರಲ್ಲಿ ಅಮೆರಿಕದ ಅಧ್ಯಯನವೊಂದು ಏಳು ದಿನ ಮಲಗಿದವರಿಗೂ ಎರಡೇ ದಿನ ಮಲಗಿದವರಿಗೂ ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. 1995ರ ಫಿನ್ಲೆಂಡಿನ ಅಧ್ಯಯನದಲ್ಲಂತೂ ಕೈಲಾದಷ್ಟು ನಿತ್ಯದ ಕೆಲಸ ಮಾಡಿಕೊಂಡಿದ್ದವರೇ ಬೇಗ ಚೇತರಿಸಿಕೊಂಡರು. ಅವರು ಬೌಲರ್‌ಗಳಲ್ಲ, ನಿಜ. ಓಡಾಡುವುದೆಂದರೆ ಮರುದಿನವೇ ಬೌಲಿಂಗ್ ಮಾಡುವುದೂ ಅಲ್ಲ.

ವಿಶ್ರಾಂತಿಯ ಪಕ್ಷ ನಿಜಕ್ಕೂ ಗೆಲ್ಲುವುದು ನೋವು ಸ್ನಾಯುವಿನದಲ್ಲದಿದ್ದಾಗ. ಹದಿಹರೆಯದ ವೇಗಿಗಳಲ್ಲಿ ಬೆನ್ನೆಲುಬಿನ ಕೆಳಭಾಗ ಸವೆದು ಬಿರುಕು ಬಿಡುವುದುಂಟು. ಚೆಂಡೆಸೆಯದ ಕೈಯ ಬದಿಗೇ ನೋವು, ಹಿಂದಕ್ಕೆ ಬಾಗಿದರೆ ಜಾಸ್ತಿ, ವಾರಗಳಾದರೂ ಇಳಿಯದು ಎಂದಾದರೆ ಎಂಆರ್‌ಐ ಬೇಕು. ಎಕ್ಸ್‌ರೇಯಲ್ಲಿ ಅದು ತಪ್ಪಿಸಿಕೊಳ್ಳಬಹುದು. 1973ರಲ್ಲಿ ಇಂಥ ಬಿರುಕಿನಿಂದ ನರಳಿದ ಆಸ್ಟ್ರೇಲಿಯಾದ ಬೌಲರ್ ಡೆನ್ನಿಸ್ ಲಿಲ್ಲಿ ಪ್ಲಾಸ್ಟರಿನಲ್ಲಿ ವಾರಗಟ್ಟಲೆ ಕಳೆದು, ಕಟ್ಟುನಿಟ್ಟಿನ ವ್ಯಾಯಾಮದಿಂದ ಮತ್ತೆ ವೇಗಿಯಾದರು. ಅವರಿಗೆ ಎರಡೂ ಬೇಕಾದವು.

ತಡೆಯುವ ವಿಷಯಕ್ಕೆ ಬಂದರೆ ಸೊಂಟದ ಬೆಲ್ಟು, ಬೂಟಿನೊಳಗಿನ ಮೆತ್ತೆಗಳಿಗೆ ಪುರಾವೆ ಸಾಲದು, ವ್ಯಾಯಾಮಕ್ಕಿದೆ. ಪ್ಲ್ಯಾಂಕ್ ಮಾದರಿಯ ಕೋರ್ ವ್ಯಾಯಾಮವೇ ಆಗಬೇಕೆಂದು ಕೆಲವರ ಹಟ. ಮಾಡಿದರೆ ಒಳ್ಳೆಯದೇ, ಆದರೆ ದೀರ್ಘಕಾಲದಲ್ಲಿ ಬೇರೆ ವ್ಯಾಯಾಮಗಳೂ ಹೆಚ್ಚುಕಡಿಮೆ ಅಷ್ಟೇ ಫಲ ಕೊಟ್ಟಿವೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಓವರ್‌ಗಳ ಲೆಕ್ಕ. ಪರೀಕ್ಷೆಗೆಂದು ತಿಂಗಳುಗಟ್ಟಲೆ ಚೆಂಡು ಮುಟ್ಟದ ಹುಡುಗ ಬೇಸಿಗೆ ಶಿಬಿರದಲ್ಲಿ ಏಕಾಏಕಿ ದಿನವಿಡೀ ಎಸೆದರೆ ಬೆನ್ನು ತಾಳದು. ಹಾಗೆಂದು ಎಸೆಯುವುದನ್ನು ತೀರಾ ಕಡಿತಗೊಳಿಸಿದರೂ ಪಂದ್ಯದ ಹೊರೆಗೆ ಮೈ ಒಗ್ಗಿರುವುದಿಲ್ಲ. ಶಾಲೆಯ ಕೋಚ್, ಕ್ಲಬ್ಬಿನ ಕೋಚ್, ಅಕಾಡೆಮಿಯ ಕೋಚ್ ಮೂವರೂ ತಮ್ಮ ತಮ್ಮ ಓವರ್ ಎಣಿಸಬಹುದು. ಒಟ್ಟು ಕೂಡಿಸುವ ಕೆಲಸ ಸದ್ಯಕ್ಕೆ ಅಪ್ಪ ಅಮ್ಮನಿಗೇ ಬೀಳುತ್ತದೆ.