ಯಾರ ಕೆಲಸ? ಯಾರ 'ಪ್ರತಿಭೆ'?



ಅಮೆರಿಕದಲ್ಲಿ ಎಚ್-1ಬಿ ವೀಸಾದ ಜಗಳ ಎದ್ದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಸಾವಿನ ಮನೆಯ ಗೋಳು. 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದಾಗಲೂ ಭಾರತದ ಪ್ರತಿಭೆಗೆ ಪೆಟ್ಟು ಬಿತ್ತು ಅಂತ ಎದೆ ಬಡಿದುಕೊಂಡವು. ಭಾರತದ ಪ್ರತಿಭೆ ಅಂದ್ರೆ ಯಾರು? ಹಾಸ್ಟೆಲ್ಲಿನ ನೀರುಸಾರು ಉಂಡು, ಸ್ಕಾಲರ್‌ಶಿಪ್ ದುಡ್ಡಿಗೆ ತಿಂಗಳುಗಟ್ಟಲೆ ಕಾಯ್ತಾ ಬಿ.ಇ. ಓದ್ತಿರೋ ನೀವಾ? ಆ ಅಳುವಿನಲ್ಲಿ ನಿಮ್ಮ ಹೆಸರಿಲ್ಲ. ಆದರೂ ಈ ಜಗಳವನ್ನು ನಾವು ಬಿಡಿಸಿ ನೋಡಬೇಕು. ಯಾಕಂದ್ರೆ ಅಲ್ಲಿ ಆಡುತ್ತಿರುವ ಮಾತೆಲ್ಲ ನಾವು ಇಲ್ಲಿ ಕೇಳಿ ಕೇಳಿ ಕಿವಿ ಕಿವುಡಾದ ಮಾತು.

1990ರ ಕಾನೂನಿನಿಂದ ಬಂದ ವೀಸಾ ಇದು. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲೇ ಉನ್ನತ ಪದವಿ ಪಡೆದವರಿಗೆ 20,000. ಮೂರು ವರ್ಷ, ಬೆಳೆಸಿದರೆ ಆರು. ಮಂಜೂರಾಗುವ ನೂರರಲ್ಲಿ ಸುಮಾರು ಎಪ್ಪತ್ತು ಭಾರತದಲ್ಲಿ ಹುಟ್ಟಿದವರಿಗೆ. ಅರ್ಜಿ ಹಾಕುವವನು ಕೆಲಸಗಾರನಲ್ಲ, ಧಣಿ. ಅರ್ಜಿ ಹೆಚ್ಚಾದರೆ ಲಾಟರಿ. 2023ರಲ್ಲಿ 7.5 ಲಕ್ಷಕ್ಕೂ ಮೀರಿ ನೋಂದಣಿಗಳು ಬಂದವು, ಗಣಕಯಂತ್ರ ಚೀಟಿ ಎತ್ತಿತು. ಇದನ್ನು ಸ್ವಲ್ಪ ನಿಂತು ಯೋಚಿಸಿ. ಮೀಸಲಾತಿಯಿಂದ ಪ್ರತಿಭೆ ಸತ್ತುಹೋಯಿತು ಅಂತ ಮೂರು ಹೊತ್ತೂ ಭಜನೆ ಮಾಡುವ ಮನೆಗಳ ಮಕ್ಕಳು ಚೀಟಿ ಎತ್ತಿಸಿಕೊಂಡು ಹೋದರು! ನಮಗೆ ಸೀಟು ಸಿಕ್ಕರೆ ಭಿಕ್ಷೆ, ಅವರಿಗೆ ಚೀಟಿ ಬಿದ್ದರೆ ಪ್ರತಿಭೆ.

2024ರ ಡಿಸೆಂಬರಿನಲ್ಲಿ ಟ್ರಂಪ್ ಪಾಳೆಯದೊಳಗೇ ಕಿತ್ತಾಟ ಶುರುವಾಯಿತು. ಜಗತ್ತಿನ ಅತಿ ಶ್ರೀಮಂತ ಮಸ್ಕ್ ವೀಸಾ ಪರ. ಪಕ್ಕದಲ್ಲಿ ವಿವೇಕ್ ರಾಮಸ್ವಾಮಿ, ಅಮೆರಿಕದ ಸಂಸ್ಕೃತಿ ಸಾಧಾರಣತನವನ್ನು ಪೂಜಿಸುತ್ತಿದೆ ಅಂತ ಬರೆದ ಮಹಾಶಯ. ಕರಿಯರಿಗೆ ಅವಕಾಶ ಕೊಡುವ ನೀತಿಯನ್ನು ವಿರೋಧಿಸುತ್ತ ಬಂದವರೂ ಇವರೇ. ನಮ್ಮ ಅಗ್ರಹಾರದ ಭಾಷೆ ಸಮುದ್ರ ದಾಟಿಯೂ ಮೈಲಿಗೆಯಾಗಲಿಲ್ಲ ನೋಡಿ. ಎದುರು ಪಾಳೆಯದ್ದು ಬಿಳಿಯರ ಮಣ್ಣಿನ ಮಕ್ಕಳ ವಾದ: ಹೊರಗಿನವರನ್ನು ಓಡಿಸಿ. ಇವರಿಬ್ಬರಲ್ಲಿ ಯಾರಿಗೂ ನಾವು ಚಪ್ಪಾಳೆ ಹೊಡೆಯಬೇಕಾಗಿಲ್ಲ.

ಹಾಗಂತ ಅಲ್ಲಿನ ಕೆಲಸಗಾರನ ಸಂಕಟ ಸುಳ್ಳಲ್ಲ. 2015ರಲ್ಲಿ ಫ್ಲಾರಿಡಾದ ಒರ್ಲಾಂಡೋದಲ್ಲಿ ಡಿಸ್ನಿ ಕಂಪನಿ ಸುಮಾರು 250 ಜನ ಕಂಪ್ಯೂಟರ್ ನೌಕರರನ್ನು ತೆಗೆಯಿತು. ಹೋಗುವ ಮುಂಚೆ ಬದಲಿಗೆ ಬಂದವರಿಗೆ ಕೆಲಸ ಕಲಿಸಿಕೊಟ್ಟು ಹೋಗಬೇಕಿತ್ತು. ತನ್ನ ಗುಂಡಿ ತಾನೇ ತೋಡುವುದು ಅಂದ್ರೆ ಇದೇ. ಹಾಗೆ ಬಂದವರಲ್ಲಿ ವೀಸಾದ ಮೇಲೆ ಬಂದ ನಮ್ಮ ದೇಶದವರಿದ್ದರು. ಆದರೆ ಆ ಹುಡುಗರೇನು ಕಿತ್ತುಕೊಂಡವರಾ? ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಿ ಲಾಭ ಎಣಿಸಿದವನು ಬಂಡವಾಳಗಾರ. ವೀಸಾದವನ ಕೆಲಸ ಹೋದರೆ ಅವನಿಗೆ 60 ದಿನ ಗಡುವು. ಅಷ್ಟರೊಳಗೆ ಇನ್ನೊಬ್ಬ ಧಣಿ ಸಿಗದಿದ್ದರೆ ಹೆಂಡತಿ ಮಕ್ಕಳ ಸಮೇತ ಗಂಟುಮೂಟೆ ಕಟ್ಟಬೇಕು. ಇಂಥವನು ಸಂಬಳ ಸಾಲದು ಅಂತ ಬಾಯಿ ಬಿಡ್ತಾನಾ? ಸಂಘ ಕಟ್ತಾನಾ?

ಸೆನೆಟರ್ ಸ್ಯಾಂಡರ್ಸ್ ಇವರನ್ನು ಜೀತದವರೆಂಬ ಅರ್ಥದಲ್ಲೇ ಕರೆದರು. ನಾವು ಆ ಮಾತನ್ನು ಅಷ್ಟು ಸಲೀಸಾಗಿ ಆಡಲಾರೆವು. ಗೌಡನ ಹಟ್ಟಿಯಲ್ಲಿ ಸಗಣಿ ಬಾಚಿದ ನಮ್ಮ ತಾತಂದಿರಿಗೆ ಕಾರೂ ಇರಲಿಲ್ಲ, ವಾಪಸು ಬರುವ ವಿಮಾನವೂ ಇರಲಿಲ್ಲ. ಆದರೂ ಹಗ್ಗದ ತುದಿ ಧಣಿಯ ಕೈಯಲ್ಲಿರುವುದು ಏನು ಅಂತ ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಇನ್ನು ಆ ಹಗ್ಗಕ್ಕೆ ಕಟ್ಟಿಸಿಕೊಂಡವನು ದಲಿತನಾಗಿದ್ದು, ಮೇಲಿನ ಮ್ಯಾನೇಜರನೂ ನಮ್ಮ ದೇಶದ ಮೇಲ್ಜಾತಿಯವನೇ ಆದರೆ? 2020ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಇಲಾಖೆಯೇ ಸಿಸ್ಕೋ ಕಂಪನಿ ಮೇಲೆ ಜಾತಿ ತಾರತಮ್ಯದ ದಾವೆ ಹೂಡಿತು. ಇಬ್ಬರು ಮ್ಯಾನೇಜರುಗಳ ಮೇಲಿನ ಆರೋಪವನ್ನು 2023ರಲ್ಲಿ ಕೈಬಿಟ್ಟರು ನಿಜ. ಆದರೆ ಸಿಲಿಕಾನ್ ಕಣಿವೆಯಲ್ಲಿ ಜಾತಿ ಎಂಬ ಶಬ್ದ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರಸಭೆ ಜಾತಿ ತಾರತಮ್ಯವನ್ನು ನಿಷೇಧಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸನಸಭೆ ಒಪ್ಪಿದ ಮಸೂದೆಗೆ ರಾಜ್ಯಪಾಲ ನ್ಯೂಸಮ್ ಅಕ್ಟೋಬರಿನಲ್ಲಿ ತಡೆ ಹಾಕಿದರು, ಇರುವ ಕಾನೂನೇ ಸಾಕಂತೆ. ಮಸೂದೆ ಬೇಡವೆಂದು ಬೀದಿಗಿಳಿದವರು ಬಿಳಿಯರಲ್ಲ, ನಮ್ಮವರೇ ಹಿಂದೂ ಸಂಘಟನೆಗಳವರು. ಬಣ್ಣದ ಹೆಸರಲ್ಲಿ ಅವಮಾನವಾದರೆ ನ್ಯಾಯ ಬೇಕು, ಜಾತಿಯ ಮಾತೆತ್ತಿದರೆ ಧರ್ಮಕ್ಕೆ ಅಪಮಾನ!

ಆ ಕಣಿವೆಯಿಂದ ಒಂದು ಗಂಟೆ ದಾರಿ ಓಕ್ಲೆಂಡ್. 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ಸ್ ಹುಟ್ಟಿದ ಊರು. ಅವರ ಹೆಸರನ್ನೇ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಇಟ್ಟುಕೊಂಡರು. ನಾಳೆ ನಿಮ್ಮಲ್ಲಿ ಯಾರಾದರೂ ಅಲ್ಲಿಗೆ ಹೋದರೆ, ಖಂಡಿತ ಹೋಗಿ, ಊಟಕ್ಕೆ ಯಾರ ಪಕ್ಕ ಕೂರಬೇಕು ಅಂತ ಈಗಲೇ ಯೋಚಿಸಿರಿ.

ಇತ್ತ ಬೆಂಗಳೂರಿನ ಕಡೆ ನೋಡಿ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಂದು ಮಸೂದೆ ಒಪ್ಪಿತು: ಖಾಸಗಿ ಉದ್ದಿಮೆಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ. ಕಂಪನಿ ಧಣಿಗಳು ಪ್ರತಿಭೆ ಪ್ರತಿಭೆ ಅಂತ ಕೂಗಿದ ಕೂಡಲೇ ಸರ್ಕಾರ ಬಾಲ ಮುದುರಿತು, ಮಸೂದೆ ಮೂಲೆಗೆ ಬಿತ್ತು. ಟ್ರಂಪ್ ಬಾಗಿಲು ಮುಚ್ಚಿದರೆ ಅನ್ಯಾಯ ಅನ್ನುವ ಇದೇ ಕೈಗಾರಿಕೆ ಇಲ್ಲಿ ಚಾಮರಾಜನಗರ, ರಾಯಚೂರಿನ ಹುಡುಗನಿಗೆ ಬಾಗಿಲು ತೆರೆ ಅಂದರೆ ಸಾಮರ್ಥ್ಯ ಕೇಳುತ್ತದೆ.

ಆ ಮಸೂದೆಯನ್ನೂ ಕಣ್ಣು ಮುಚ್ಚಿ ಹೊತ್ತು ಮೆರೆಸಬೇಡಿ. ಸ್ಥಳೀಯನೆಂದರೆ ಇಲ್ಲಿ ಹುಟ್ಟಿ, 15 ವರ್ಷ ವಾಸವಿದ್ದು, ಕನ್ನಡ ಓದಿ ಬರೆಯಬಲ್ಲವನು ಎಂದಿತ್ತು. ಊರೊಳಗಿನವನೂ ಸ್ಥಳೀಯ, ಕೇರಿಯವನೂ ಸ್ಥಳೀಯ. ಸಂದರ್ಶನದ ಕೋಣೆಯಲ್ಲಿ ಅಪ್ಪನ ಹೆಸರು, ಊರು ಕೇಳಿದ ಮೇಲೆ ಯಾವ ಸ್ಥಳೀಯನನ್ನು ಒಳಗೆ ಕರೀತಾರೆ? ಆ ಶೇ. 70ರೊಳಗೆ ಪರಿಶಿಷ್ಟರ ಪಾಲೆಷ್ಟು? ಖಾಸಗಿ ವಲಯದಲ್ಲಿ ಮೀಸಲಾತಿ ಎಂಬ ಮಾತು ಬಂದರೆ ಕನ್ನಡದ ಕಟ್ಟಾಳುಗಳೂ ಮೌನವಾಗುವುದು ಯಾಕೆ?

ಮಸೂದೆ ಇನ್ನೊಮ್ಮೆ ಮೇಲೆದ್ದ ದಿನ ನಿಮ್ಮ ಹಾಸ್ಟೆಲ್ಲಿನಿಂದ ಮೊದಲ ಮನವಿ ಹೋಗಲಿ. ಅದರಲ್ಲಿ ಮೊದಲ ಸಾಲು ಈ ಪಾಲಿನ ಲೆಕ್ಕವೇ ಇರಲಿ.