ನರ್ಸ್ ಕೈಯಲ್ಲಿ ಎಷ್ಟು ಅಧಿಕಾರ?

ನಮ್ಮೂರು ಬೆಳವಣಕಿಯಲ್ಲಿ ಪಕ್ಕದ ಮನೆಯ ಹುಡುಗಿ ಈ ಸಲ ದ್ವಿತೀಯ ಪಿಯುಸಿ ವಿಜ್ಞಾನ ಮುಗಿಸಿದ್ದಾಳೆ. ಹೋದ ಭಾನುವಾರ ಮೊಬೈಲ್ ಹಿಡಿದುಕೊಂಡು ಬಂದಳು. ಯಾರೋ ಏಜೆಂಟ್ ಕಳಿಸಿದ ಜಾಹೀರಾತು. ‘ನರ್ಸ್ ಪ್ರಾಕ್ಟೀಷನರ್ ಆಗಿ, ಸ್ವಂತ ಕ್ಲಿನಿಕ್ ತೆರೆಯಿರಿ, ಇಂದೇ ಸೀಟು ಕಾಯ್ದಿರಿಸಿ’ ಎಂದಿತ್ತು. “ಅಕ್ಕಾ, ಇದು ಡಾಕ್ಟರ್ ಆದಂಗನ ಅಲ್ಲೇನು?” ಎಂದು ಕೇಳಿದಳು. ಅವಳ ಅಪ್ಪ ಆಗಲೇ ಮುಂಗಡಕ್ಕೆ ದುಡ್ಡು ಹೊಂದಿಸುತ್ತಿದ್ದರು. ಕಡಲೆ ಮಾರಿದ ದುಡ್ಡು.

ಅವಳಿಗೆ ನಾನು ಆ ದಿನ ಸರಿಯಾಗಿ ಉತ್ತರ ಕೊಡಲಿಲ್ಲ. ಅದಕ್ಕೇ ಈ ಬರಹ. ನಾನು ಬಿ.ಎಸ್ಸಿ ನರ್ಸಿಂಗ್ ಓದಿ, ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಮೂರು ವರ್ಷ ದುಡಿದು, ಈಗ ಇದೇ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿದ್ದೇನೆ. ಹೆಸರಿನಲ್ಲಿ ‘ಅಧಿಕಾರಿ’ ಇದೆ, ನೌಕರಿ ಮಾತ್ರ ಗುತ್ತಿಗೆಯದು.

ನರ್ಸ್ ಪ್ರಾಕ್ಟೀಷನರ್ ಎಂಬ ಹುದ್ದೆ ಹುಟ್ಟಿದ್ದು 1965ರಲ್ಲಿ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಆ ತರಬೇತಿ ಶುರು ಮಾಡಿದರು. ವೈದ್ಯರು ಸಿಗದ ಕಡೆ ಮಕ್ಕಳನ್ನು ನೋಡಲು ಅನುಭವಿ ನರ್ಸ್‌ಗಳನ್ನೇ ಸಿದ್ಧಪಡಿಸೋಣ ಎಂಬುದು ಅವರ ಲೆಕ್ಕ. ಇವತ್ತು ಅಲ್ಲಿ ಈ ಹುದ್ದೆಯವರು ರೋಗ ಪತ್ತೆ ಮಾಡುತ್ತಾರೆ, ಔಷಧಿ ಬರೆದುಕೊಡುತ್ತಾರೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಅವರ ಮೇಲೆ ವೈದ್ಯರ ಉಸ್ತುವಾರಿಯೂ ಇಲ್ಲ. ಜಾಹೀರಾತು ಹೇಳುವುದು ಇಷ್ಟನ್ನೇ. ಅಲ್ಲಿಗೆ ತಲುಪಬೇಕಾದರೆ ಮೊದಲು ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ ಅಲ್ಲಿನ ನರ್ಸ್ ಆಗಬೇಕು, ಆಮೇಲೆ ಸ್ನಾತಕೋತ್ತರ ಪದವಿ ಅಥವಾ ಡಾಕ್ಟರೇಟ್ ಮಾಡಬೇಕು, ಮತ್ತೆ ಪರೀಕ್ಷೆ, ಮತ್ತೆ ಲೈಸೆನ್ಸ್. ಇಲ್ಲಿನ ಬಿ.ಎಸ್ಸಿ ಆ ದಾರಿಯ ಮೊದಲ ಮೆಟ್ಟಿಲಷ್ಟೇ. ಇದನ್ನು ಯಾವ ಏಜೆಂಟನೂ ಹೇಳುವುದಿಲ್ಲ.

ಹಾಗಾದರೆ ನಮ್ಮಲ್ಲಿ ಇದು ಇಲ್ಲವೇ? ಇದೆ. ಐಸಿಯು ಕೆಲಸಕ್ಕಾಗಿ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ. ಬಿ.ಎಸ್ಸಿ ಆಗಿ ಕನಿಷ್ಠ ಒಂದು ವರ್ಷ ವಾರ್ಡಿನಲ್ಲಿ ದುಡಿದವರಿಗೆ ಅದು. ಹೆಚ್ಚಿನ ಕಲಿಕೆ ಹಾಸಿಗೆಯ ಪಕ್ಕದಲ್ಲೇ ನಡೆಯುತ್ತದೆ. ಇನ್ನೊಂದು ಹೆರಿಗೆ ಕಡೆಯದು. 2018ರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ತಂದು, ಅನುಭವಿ ನರ್ಸ್‌ಗಳಿಗೆ 18 ತಿಂಗಳ ತರಬೇತಿ ಗೊತ್ತುಮಾಡಿತು. ಸಹಜ ಹೆರಿಗೆಯನ್ನು ಅವರೇ ನಿಭಾಯಿಸಬೇಕು ಎಂಬುದು ಅದರ ಆಶಯ. ಎರಡೂ ಒಳ್ಳೆಯ ಕೋರ್ಸ್‌ಗಳೇ. ಆದರೆ ಎರಡರಲ್ಲೂ ಕೆಲಸ ನಡೆಯುವುದು ಆಸ್ಪತ್ರೆ ಒಪ್ಪಿಕೊಂಡ ನಿಯಮಾವಳಿಯ ಒಳಗೆ. ಊರಿಗೆ ಬಂದು ಬೋರ್ಡು ಹಾಕಿಕೊಳ್ಳಲು ಅವುಗಳಿಂದ ಲೈಸೆನ್ಸ್ ಸಿಗದು.

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮಿನಲ್ಲಿ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಸೀಮಿತ ಲೈಸೆನ್ಸ್ ಕೊಡುವ ಮಾತಿದೆ. ಅದು ಬಂದಾಗ ವೈದ್ಯರು ಬೀದಿಗಿಳಿದದ್ದು ನೆನಪಿರಬಹುದು. ಆ ಲೈಸೆನ್ಸ್ ಪಡೆದ ನರ್ಸ್ ಒಬ್ಬರನ್ನೂ ನಾನು ಇದುವರೆಗೆ ಕಂಡಿಲ್ಲ.

ಹಳ್ಳಿಯಲ್ಲಿ ಆ ಹುದ್ದೆಗೆ ಅತಿ ಹತ್ತಿರದ್ದು ನನ್ನದೇ. 2018ರಲ್ಲಿ ಆಯುಷ್ಮಾನ್ ಭಾರತ್ ಅಡಿ ಉಪಕೇಂದ್ರಗಳನ್ನು ಮೇಲ್ದರ್ಜೆಗೆ ಏರಿಸುವ ಕೆಲಸ ಶುರುವಾಯಿತು. ಈಗ ಅವಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರು. ಬಯಲು ಸೀಮೆಯಲ್ಲಿ ಸುಮಾರು 5,000 ಜನರಿಗೆ ಒಂದು ಕೇಂದ್ರ. ಮೂವತ್ತು ದಾಟಿದವರ ಬಿಪಿ, ಶುಗರ್ ನೋಡುವುದು, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ, ವೈದ್ಯರು ಆರಂಭಿಸಿದ ಮಾತ್ರೆಯನ್ನು ತಿಂಗಳು ತಿಂಗಳು ಕೊಡುವುದು, ಬೇಕಾದಾಗ ಇ-ಸಂಜೀವನಿಯಲ್ಲಿ ವೈದ್ಯರನ್ನು ಪರದೆಯ ಮೇಲೆ ಕರೆಯುವುದು ನನ್ನ ಕೆಲಸ. ಕಾಗದದ ಮೇಲೆ ಇದು ಸಣ್ಣದಾಗಿ ಕಾಣುತ್ತದೆ.

ಒಂದು ಪ್ರಸಂಗ ಹೇಳುತ್ತೇನೆ. ಉಳ್ಳಾಗಡ್ಡಿ ಕೀಳುವ ಕಾಲ. ಬೆಳಿಗ್ಗೆ ಹತ್ತರ ಸುಮಾರಿಗೆ ಐವತ್ತು ದಾಟಿದ ರೈತರೊಬ್ಬರು ಹೊಲದಿಂದ ನೇರ ಬಂದರು. “ಗ್ಯಾಸ್ ಆಗೈತ್ರಿ ಸಿಸ್ಟರ್, ಒಂದ್ ಸೂಜಿ ಮಾಡ್ರಿ, ಹೊಲದಾಗ ಆಳು ಅದಾವು” ಅಂದರು. ಕೈ ಎದೆಯ ಮೇಲಿತ್ತು. ಅಂಗಿ ಬೆವರಿನಿಂದ ಒದ್ದೆ. ಹೊಲದಲ್ಲಿ ದುಡಿದವರು ಬೆವರುವುದು ಸಹಜ, ಆದರೆ ಮುಟ್ಟಿದರೆ ಮೈ ತಣ್ಣಗಿತ್ತು. ಎಡಗೈ ಜೋಮು ಹಿಡಿದಂಗೆ ಆಗೈತೇನ್ರಿ ಎಂದು ಕೇಳಿದರೆ, ನಸುಕಿನಿಂದ ಹಂಗೇ ಐತಿ ಅಂದರು. ಅವರು ಕೇಳಿದ ಸೂಜಿ ಮಾಡಿ ಕಳಿಸಿದ್ದರೆ ಖುಷಿಯಿಂದ ಹೋಗುತ್ತಿದ್ದರು. ನಾನು ಅವರನ್ನು ಕೂರಿಸಿ, ವೈದ್ಯಾಧಿಕಾರಿಗೆ ಫೋನ್ ಮಾಡಿ, ಅವರು ಹೇಳಿದಂತೆ ಆಸ್ಪಿರಿನ್ ಅಗಿಯಲು ಕೊಟ್ಟು, 108ಕ್ಕೆ ಕರೆ ಮಾಡಿದೆ. ಜೊತೆಗೆ ಬಂದಿದ್ದ ತಮ್ಮ ನನ್ನ ಮೇಲೆ ರೇಗಿದ. ಸೂಜಿ ಮಾಡಾಕ ಬರಂಗಿಲ್ಲ ಅಂದ್ರ ಯಾಕ ಕುಂತೀರಿ ಎಂದ. ತಾಲ್ಲೂಕು ಆಸ್ಪತ್ರೆಯ ಇಸಿಜಿಯಲ್ಲಿ ಹೃದಯಾಘಾತ ಎಂದು ಬಂತು. ಹೆಪ್ಪು ಕರಗಿಸುವ ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಅವರು ಈಗಲೂ ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಾರೆ, ಈಗಲೂ ಅದನ್ನು ಗ್ಯಾಸ್ ಎಂದೇ ಹೇಳುತ್ತಾರೆ.

ಆವತ್ತು ನನ್ನ ಕೈಯಲ್ಲಿ ಔಷಧಿ ಬರೆಯುವ ಅಧಿಕಾರ ಇರಲಿಲ್ಲ. ಇದ್ದದ್ದು ಬೇರೆ ಅಧಿಕಾರ: ‘ಇವರನ್ನು ಮನೆಗೆ ಕಳಿಸುವುದಿಲ್ಲ’ ಎಂದು ಹೇಳುವುದು. ತಣ್ಣನೆಯ ಬೆವರನ್ನು ಗುರುತಿಸಲು ಕಲಿಸಿದ್ದು ಐಸಿಯುವಿನ ರಾತ್ರಿ ಪಾಳಿಗಳು. ಆದ್ದರಿಂದ ಈಗಷ್ಟೇ ಓದು ಮುಗಿಸಿದವರಿಗೆ ನನ್ನ ಮಾತು ಇಷ್ಟು. ಊರ ಹತ್ತಿರದ ಸಣ್ಣ ನರ್ಸಿಂಗ್ ಹೋಮಿನಲ್ಲಿ ಸುಲಭದ ಕೆಲಸ ಸಿಕ್ಕಿತೆಂದು ಕೂರಬೇಡಿ. ಎರಡು ಮೂರು ವರ್ಷ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸೆ, ಐಸಿಯು ಅಥವಾ ಹೆರಿಗೆ ಕೋಣೆಯಲ್ಲಿ ಕಷ್ಟಪಡಿ. ‘ಡಾಕ್ಟರ್ ಹೇಳಿದರು, ಮಾಡಿದೆ’ ಎಂಬಲ್ಲಿಗೆ ನಿಲ್ಲದೆ ಯಾಕೆ ಹೇಳಿದರು ಎಂದು ಕೇಳಿ. ಬೈದರೂ ಕೇಳಿ. ಬೈಸಿಕೊಂಡ ಪ್ರಶ್ನೆಗಳೇ ನನಗೆ ಇವತ್ತಿಗೂ ನೆನಪಿರುವುದು.

ಆದರೆ ಅಲ್ಲಿಗೆ ಹೋಗುವಾಗ ಮೂಲ ಅಂಕಪಟ್ಟಿ ಮನೆಯ ಟ್ರಂಕಿನಲ್ಲಿರಲಿ. ನಾನು ಮಾಡಿದ ತಪ್ಪು ಅದೇ. ಸೇರುವ ದಿನ ಎರಡು ವರ್ಷದ ಬಾಂಡ್‌ಗೆ ಸಹಿ ಹಾಕಿಸಿಕೊಂಡು ಮೂಲ ದಾಖಲೆಗಳನ್ನು ಇಟ್ಟುಕೊಂಡರು. ಮರುವರ್ಷ ಸರ್ಕಾರಿ ನೇಮಕಾತಿಯ ದಾಖಲೆ ಪರಿಶೀಲನೆಗೆ ಕರೆ ಬಂತು. ದಾಖಲೆ ಕೇಳಿದರೆ ಬಾಂಡ್ ದುಡ್ಡು ಕಟ್ಟಿ ಎಂದರು. ಅಪ್ಪ ಸಾಲ ಮಾಡಿ ದುಡ್ಡು ಹೊಂದಿಸುವ ಹೊತ್ತಿಗೆ ದಿನಾಂಕ ಮುಗಿದಿತ್ತು. ದೃಢೀಕರಿಸಿದ ನಕಲು ಕೊಡಿ, ಮೂಲ ತೋರಿಸಿ ವಾಪಸು ತನ್ನಿ. ಒಪ್ಪದ ಆಸ್ಪತ್ರೆಯಿಂದ ಎದ್ದು ಬನ್ನಿ.

ಸಂಬಳದ ಬಗ್ಗೆಯೂ ಒಂದು ಮಾತು. ಖಾಸಗಿ ನರ್ಸ್‌ಗಳ ಸ್ಥಿತಿಯ ಕುರಿತು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸಮಿತಿಯೊಂದನ್ನು ರಚಿಸಿತು. 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು, 200 ಹಾಸಿಗೆ ಮೀರಿದಲ್ಲಿ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಎಂದು ಅದು ಶಿಫಾರಸು ಮಾಡಿತು. ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟದ್ದು. ಇಷ್ಟು ವರ್ಷದ ಮೇಲೂ ಅದಕ್ಕಿಂತ ಕಡಿಮೆಗೆ ದುಡಿಯುವ ಗೆಳತಿಯರು ನನಗಿದ್ದಾರೆ. ಸಂದರ್ಶನದಲ್ಲಿ ಈ ಅಂಕಿ ಬಾಯಿಗೆ ಬರಲಿ, ಕೇಳಲು ನಾಚಿಕೆ ಬೇಡ.

ಈಗಾಗಲೇ ಕೆಲಸದಲ್ಲಿರುವವರಿಗೆ ಆಯ್ಕೆ ಕಷ್ಟದ್ದು. ಕ್ರಿಟಿಕಲ್ ಕೇರ್ ಕೋರ್ಸಿನ ಅರ್ಜಿ ನಾನೂ ಎರಡು ಸಲ ತೆರೆದು ಮುಚ್ಚಿದ್ದೇನೆ. ಗುತ್ತಿಗೆ ನೌಕರಿ ಬಿಟ್ಟು ಹೋದರೆ ಎರಡು ವರ್ಷದ ನಂತರ ಇದೇ ಕುರ್ಚಿ ಸಿಗುತ್ತದೆ ಎಂಬ ಖಾತರಿ ಇಲ್ಲ. ಆ ಓದಿಗೆ ತಕ್ಕ ಹುದ್ದೆಯನ್ನು ಆಸ್ಪತ್ರೆಗಳು ಸೃಷ್ಟಿಸದಿದ್ದರೆ ಮತ್ತೆ ಸ್ಟಾಫ್ ನರ್ಸ್ ಆಗಿಯೇ ದುಡಿಯಬೇಕು. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಬದಲಿಗೆ 2023ರಲ್ಲಿ ಹೊಸ ಆಯೋಗದ ಕಾಯ್ದೆ ಬಂದಿದೆ. ಅನುಭವಿ ನರ್ಸ್ ಏನೇನು ಮಾಡಬಹುದು ಎಂಬುದನ್ನು ಕಾನೂನಿನಲ್ಲೇ ಬರೆದಿಟ್ಟು, ಅದಕ್ಕೆ ತಕ್ಕ ಹುದ್ದೆ, ಸಂಬಳ ಗೊತ್ತುಮಾಡುವವರೆಗೆ ಹೊಸ ಹೊಸ ಹೆಸರಿನ ಕೋರ್ಸ್ ತೆರೆಯುವುದು ಮಕ್ಕಳ ದುಡ್ಡಿಗೆ ಕೈ ಹಾಕಿದಂತೆ ಎಂದೇ ನನ್ನ ಅಭಿಪ್ರಾಯ.

ಪಕ್ಕದ ಮನೆಯ ಹುಡುಗಿಯ ಅಪ್ಪನಿಗೆ ಮುಂಗಡ ಕಟ್ಟಬೇಡಿ ಎಂದು ಹೇಳಿದ್ದೇನೆ. ಸಿಇಟಿ ಮೂಲಕ ಸರ್ಕಾರಿ ಸೀಟಿಗೆ ಪ್ರಯತ್ನಿಸಲಿ, ಕಾಲೇಜಿಗೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಮತ್ತು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ ಎಂದು ನೋಡಿ ಆಮೇಲೆ ದುಡ್ಡು ತೆಗೆಯಿರಿ ಎಂದೆ. ಮಂಗಳವಾರ ಅವಳು ನನ್ನ ಜೊತೆ ಬಸ್ಸು ಹತ್ತಿ ಉಪಕೇಂದ್ರಕ್ಕೆ ಬಂದಿದ್ದಳು. ಮಧ್ಯಾಹ್ನದವರೆಗೆ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡಿದಳು. ಹೊರಡುವಾಗ ಬಿಪಿ ನೋಡೋದು ಹೆಂಗ, ನನಗೂ ಕಲಿಸು ಎಂದಳು. ಏಜೆಂಟನ ನಂಬರ್ ಇನ್ನೂ ಅವಳ ಮೊಬೈಲ್‌ನಲ್ಲಿದೆ.