ಎಲೆಯ ಅಡಿಯ ಲೋಕ

ರೋಣದ ಎರೆಹೊಲದಲ್ಲಿ ಹತ್ತಿಯ ಎಲೆ ಮುದುಡಿದೆಯೇ? ಮಗುಚಿ ನೋಡಿ. ಒಂದೆರಡು ಮಿ.ಮೀ. ಉದ್ದದ ಸಸ್ಯಹೇನುಗಳು ಗುಂಪುಗೂಡಿ ರಸ ಹೀರುತ್ತಿರಬಹುದು. ಬರಿಗಣ್ಣಿಗೆ ಅವು ಚುಕ್ಕೆಗಳಷ್ಟೇ. ಮನೆಯಲ್ಲಿ ಮೂಲೆ ಸೇರಿದ ಪುಟ್ಟ ಡಿಜಿಟಲ್ ಕ್ಯಾಮೆರಾ ಅವುಗಳ ಕಾಲು, ಮೀಸೆಗಳನ್ನೂ ತೋರಿಸಬಲ್ಲದು.

ಹೂವಿನ ಚಿಹ್ನೆಯ ‘ಮ್ಯಾಕ್ರೊ’ ಆರಿಸಿ. ಝೂಮ್ ಬೇಡ, ಇಂಥ ಹೆಚ್ಚಿನ ಕ್ಯಾಮೆರಾಗಳು ಝೂಮ್ ಮಾಡದಿದ್ದಾಗಲೇ ವಸ್ತುವಿನ ತೀರ ಹತ್ತಿರ ಹೋಗಬಲ್ಲವು. ಫ್ಲಾಶ್ ಆರಿಸಿ, ಪಕ್ಕದಲ್ಲಿ ಬಿಳಿ ಹಾಳೆ ಹಿಡಿದು ಬಿಸಿಲನ್ನು ಎಲೆಯತ್ತ ತಿರುಗಿಸಿ. ಗಾಳಿ ಏಳುವ ಮೊದಲೇ, ಬೆಳಿಗ್ಗೆ ಹೋಗಿ.

ಇನ್ನೂ ದೊಡ್ಡದಾಗಿ ಬೇಕೇ? ಮಸೂರದ ಮುಂದೆ ಭೂತಗನ್ನಡಿ ಹಿಡಿಯಿರಿ. ಅದರ ಸಂಗಮ ದೂರ 10 ಸೆಂ.ಮೀ. ಆಗಿದ್ದರೆ, ದೂರದ ದೃಶ್ಯಕ್ಕೆ ಹೊಂದಿಸಿದ ಕ್ಯಾಮೆರಾಕ್ಕೂ ಅದರಿಂದ 10 ಸೆಂ.ಮೀ. ಆಚೆಯ ಹುಳು ಸ್ಪಷ್ಟವಾಗಿ ಕಾಣುತ್ತದೆ. ಈಗ ಮ್ಯಾಕ್ರೊ ತೆಗೆದು ಝೂಮ್ ಬಳಸಬಹುದು. ಪೀನ ಮಸೂರದ ಪಾಠ ಹೊಲದಲ್ಲೇ ಆಯಿತು!

ಪಾಲಕರೇ, ಇದು ಬರೀ ಆಟವಲ್ಲ. ಹೇನುಗಳ ನಡುವೆ ಕಪ್ಪು ಮೈಯ, ಆರು ಕಾಲಿನ ಉದ್ದನೆಯ ಮರಿಯೊಂದು ಚಿತ್ರದಲ್ಲಿ ಕಾಣಿಸೀತು. ಅದು ಗುಲಗಂಜಿ ಹುಳುವಿನ ಮರಿಯಾಗಿದ್ದರೆ ಹೇನು ತಿನ್ನುವ ರೈತಮಿತ್ರ. ಗುರುತಿಸದೆ ಔಷಧಿ ಹೊಡೆದರೆ ಅದೂ ಸಾಯುತ್ತದೆ. ಆದ್ದರಿಂದ ಡಬ್ಬಿ ತೆರೆಯುವ ಮೊದಲು ಮಗ, ಮಗಳು ತೆಗೆದ ಚಿತ್ರವನ್ನು ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ, ಕೇಳಿ.